ನಿದ್ದೆಯಿಂದ ಏಳಬೇಕಿದ್ದ ಜಾಲರಿ

ಒಂದು ನಿಕ್ಕಲ್ ಜಾಲರಿಯ ಆರೋಗ್ಯಕ್ಕಾಗಿ ನಾನು ದೇವರಲ್ಲಿ ಬೇಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅಂಗೈಗಿಂತ ಚಿಕ್ಕದು, ಟೀ ಸೋಸುವ ಜರಡಿಯಿಂದ ಕತ್ತರಿಸಿಕೊಂಡ ತುಂಡಿನಂಥದ್ದು. ಯಜಮಾನರ ಬಿಪಿ, ಮಗಳ ಬೋರ್ಡ್ ಪರೀಕ್ಷೆ, ಊರಲ್ಲಿರುವ ಅಮ್ಮನ ಮಂಡಿನೋವು, ಆಮೇಲೆ ಈ ಜಾಲರಿ. ಸಂಜೆ ದೀಪ ಹಚ್ಚಿದ ಮೇಲೆ ಇದೇ ಕ್ರಮದಲ್ಲಿ ಹೇಳಿಕೊಳ್ಳುತ್ತಿದ್ದೆ. ಆದರೆ ಏನನ್ನಾದರೂ ಕೇಳುವ ಮೊದಲು ಆ ದಿನ ಸಿಕ್ಕಿದ್ದನ್ನು ಹೇಳಬೇಕು ಅನ್ನುವುದು ಅಮ್ಮ ಕಲಿಸಿದ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕಿತು. ದೊಡ್ಡದೇನೂ ಇರುತ್ತಿರಲಿಲ್ಲ. ದೊಡ್ಡದು ಸಿಗಲಿ, ಆಮೇಲೆ ಹೇಳೋಣ ಎಂದು ಕಾದರೆ ದೇವರ ಜೊತೆ ಮಾತೇ ನಿಂತುಹೋಗುತ್ತದೆ.

ನಾವಾಗ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಯಜಮಾನರು ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್, ಮಗಳು ಹೈಸ್ಕೂಲಿನಲ್ಲಿ. ದೆಹಲಿಯ ಬಸ್ಸುಗಳೆಲ್ಲ ಡೀಸೆಲ್ ಬಿಟ್ಟು ಸಿಎನ್‌ಜಿಗೆ ತಿರುಗಿದ್ದ ಹೊಸತು. ಬಾಲ್ಕನಿಯಲ್ಲಿ ಹರವಿದ ಬಿಳಿ ಪಂಚೆ ಸಂಜೆಯವರೆಗೂ ಬಿಳಿಯಾಗಿಯೇ ಉಳಿಯುತ್ತಿತ್ತು. ಅದನ್ನೂ ದೇವರಿಗೆ ಹೇಳಿದ್ದೆ.

ಆ ಜಾಲರಿ ಮಾಡಿದ ಹುಡುಗಿಯನ್ನು ಮೊದಲು ನೋಡಿದ್ದು ನಮ್ಮ ಸೆಕ್ಟರಿನ ಗುಡ್ಡದ ಮೇಲಿರುವ ಸುಬ್ರಹ್ಮಣ್ಯನ ಗುಡಿಯ ಮೆಟ್ಟಿಲ ಬಳಿ. ಫೋನಿನಲ್ಲಿ ಯಾರ ಜೊತೆಗೋ ಕನ್ನಡದಲ್ಲಿ ಜಗಳವಾಡುತ್ತಿದ್ದಳು. ಜಗಳ ಮುಗಿಯುವವರೆಗೆ ಕಾದು ನಿಂತು ಮಾತಾಡಿಸಿದೆ. "ನಾನು ಚರ್ಚಿಗೆ ಹೋಗೋಳು ಆಂಟಿ. ಇಲ್ಲಿ ಪೊಂಗಲ್ ಚೆನ್ನಾಗಿ ಕೊಡ್ತಾರೆ ಅಂತ ಹಾಸ್ಟೆಲ್ ಗೆಳತಿ ಕರ್ಕೊಂಡು ಬಂದ್ಳು" ಎಂದು ಮುಚ್ಚುಮರೆ ಇಲ್ಲದೆ ಹೇಳಿದಳು. ಕೈಯಲ್ಲಿ ಪೊಂಗಲ್ಲಿನ ಎರಡನೇ ದೊನ್ನೆ ಇತ್ತು. ನನಗೆ ಅಲ್ಲೇ ಇಷ್ಟವಾಗಿಬಿಟ್ಟಳು. ರಾಯಚೂರಿನ ಕಡೆಯವಳು, ಅಪ್ಪ ಅಲ್ಲಿಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ನೋಡಿಕೊಳ್ಳುವವರು. ಇವಳು ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದ್ದ ವಿದ್ಯಾಸಂಸ್ಥೆಯಲ್ಲಿ ಪಿಎಚ್‌ಡಿಗೆ ಸೇರಿದ್ದಳು. ಶನಿವಾರ ಊಟಕ್ಕೆ ಬಾ ಎಂದೆ. ಬಂದಳು, ಆಮೇಲೆ ಪ್ರತಿ ಶನಿವಾರವೂ ಬರತೊಡಗಿದಳು.

ಮೊದಲ ಊಟದಲ್ಲೇ ಯಜಮಾನರು ವಿಚಾರಣೆ ಶುರು ಮಾಡಿದರು.

"ಅದೇನಮ್ಮ ನೀನು ಓದ್ತಿರೋದು?"

"ನೀರಿನಿಂದ ಹೈಡ್ರೋಜನ್ ತೆಗೆಯೋದು ಅಂಕಲ್. ನೀರಲ್ಲಿ ಎರಡು ಲೋಹದ ತುಂಡು ಇಳಿಬಿಟ್ಟು ಕರೆಂಟ್ ಕೊಟ್ರೆ ಒಂದರ ಮೇಲೆ ಹೈಡ್ರೋಜನ್ ಬರುತ್ತೆ, ಇನ್ನೊಂದರ ಮೇಲೆ ಆಕ್ಸಿಜನ್. ಹೈಡ್ರೋಜನ್ ಉರಿಸಿದ್ರೆ ಮತ್ತೆ ನೀರೇ. ಹೊಗೆ ಇಲ್ಲ, ಬೂದಿ ಇಲ್ಲ."

"ಇದನ್ನ ನಮಗೆ ಹೈಸ್ಕೂಲಲ್ಲೇ ತೋರಿಸಿದ್ರಲ್ಲ. ಇದರಲ್ಲಿ ಪಿಎಚ್‌ಡಿ ಮಾಡೋದೇನಿದೆ?"

"ಹೈಸ್ಕೂಲಲ್ಲಿ ಮಾಡಿದ ಹಾಗೆ ಮಾಡಿದ್ರೆ ಕೊಟ್ಟ ಕರೆಂಟಲ್ಲಿ ಎಷ್ಟೋ ದಂಡ. ಲೋಹದ ಮೇಲೆ ಸರಿಯಾದ ಲೇಪ ಇದ್ರೆ ನೀರು ಬೇಗ ಬಿಟ್ಟುಕೊಡುತ್ತೆ. ಅದಕ್ಕೇ ಕ್ಯಾಟಲಿಸ್ಟ್ ಅನ್ನೋದು. ಕೆಲಸ ಮಾಡಿಸುತ್ತೆ, ತಾನು ಖರ್ಚಾಗಲ್ಲ. ಪ್ಲಾಟಿನಂ ಎಲ್ಲಕ್ಕಿಂತ ಚೆನ್ನ, ಆದ್ರೆ ಅದನ್ನ ಯಾರು ಕೊಳ್ತಾರೆ? ನಾನು ನಿಕ್ಕಲ್ಲಲ್ಲಿ ಮಾಡ್ತಿದೀನಿ."

"ಅಂದ್ರೆ ಮದುವೆ ದಲ್ಲಾಳಿ ಇದ್ದ ಹಾಗೆ."

"ಇಲ್ಲ ಅಂಕಲ್, ಇಲ್ಲಿ ಕೂಡಿಸೋದಲ್ಲ, ಬಿಡಿಸೋದು."

"ಹಾಗಾದ್ರೆ ಡೈವೋರ್ಸ್ ವಕೀಲ. ಫೀಸು ತಗೊಳ್ಳದ ವಕೀಲನ್ನ ಹುಡುಕ್ತಿದೀಯ ಅನ್ನು. ಹಾಗಾದ್ರೆ ಪಿಎಚ್‌ಡಿ ಕೊಡಬಹುದು."

ಅವಳು ನಕ್ಕ ರಭಸಕ್ಕೆ ಸಾರು ನೆತ್ತಿಗೇರಿತು. ಮಗಳು ಬೆನ್ನು ತಟ್ಟುತ್ತಾ, "ಪಾಪಾ, ದೀದಿಗೆ ಖಾನಾ ತಿನ್ನೋಕೆ ಬಿಡಿ" ಎಂದು ಗದರಿದಳು.

ಎರಡು ವರ್ಷದ ಮೇಲೆ ಅವಳ ಜಾಲರಿ ಚೆನ್ನಾಗಿ ಬಂತು. ನಿಕ್ಕಲ್ ತಂತಿಯ ಜಾಲರಿ, ಅದರ ಮೇಲೆ ನಿಕ್ಕಲ್ ಮತ್ತು ಮಾಲಿಬ್ಡಿನಂ ಅನ್ನುವ ಇನ್ನೊಂದು ಲೋಹ ಸೇರಿದ ಕಪ್ಪು ಲೇಪ, ಹೆಸರುಕಾಳಿನ ಸಿಪ್ಪೆಗಿಂತ ತೆಳು. ಅದನ್ನು ಸುಡುವಂಥ ಕ್ಷಾರದ ನೀರಿನಲ್ಲಿ ಇಳಿಬಿಟ್ಟು ಕರೆಂಟ್ ಕೊಟ್ಟರೆ ಪ್ಲಾಟಿನಂಗೆ ಸರಿಸಮ ಅನ್ನುವಷ್ಟು ಹತ್ತಿರ ಬಂದಿತ್ತು. ಮೇ ತಿಂಗಳಲ್ಲಿ ಶುರು ಮಾಡಿದ ಪರೀಕ್ಷೆ ಮಳೆಗಾಲ ಕಳೆದರೂ ನಿಲ್ಲದೆ ನಡೆದಿತ್ತು. ದೆಹಲಿಯಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿರಲಿಲ್ಲ, ಆದರೆ ಅವರ ಲ್ಯಾಬಿಗೆ ಬೇರೆಯೇ ಜನರೇಟರ್ ಲೈನು. ಊರೆಲ್ಲ ಬೆವರುತ್ತಿದ್ದರೂ ಅವಳ ಜಾಲರಿಗೆ ಕ್ಷಣಮಾತ್ರವೂ ಕರೆಂಟ್ ತಪ್ಪುತ್ತಿರಲಿಲ್ಲ. ಅವಳ ಗೈಡು, ಒಬ್ಬ ಬಂಗಾಳಿ ಪ್ರೊಫೆಸರು, ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರಂತೆ. ಥೀಸಿಸ್ ಬರೆಯುವುದಷ್ಟೇ ಬಾಕಿ.

ಆ ವರ್ಷದ ದಸರಾಕ್ಕೆ ಅವಳು ಊರಿಗೆ ಹೋಗಿರಲಿಲ್ಲ. ಆಯುಧಪೂಜೆಯ ದಿನ ಬೆಳಿಗ್ಗೆ ಬಂದು ನನ್ನ ಜೊತೆ ಹೂ ಕಟ್ಟುತ್ತಾ ಕೂತಳು. ಹೂ ಮಾರುವ ಭಯ್ಯಾನ ಹತ್ತಿರ ಚೌಕಾಸಿ ಮಾಡಿ ತಂದ ಒಂದು ರಾಶಿ ಚೆಂಡುಹೂವು. ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ, ಮಿಕ್ಸಿ, ಕೆಳಗೆ ನಿಲ್ಲಿಸಿದ್ದ ಹಳೇ ಮಾರುತಿ ಕಾರು, ಎಲ್ಲಕ್ಕೂ ಕುಂಕುಮ ಹೂವು ಆಯಿತು. ಚಟ್ನಿ ಹಿಂದಿನ ದಿನವೇ ರುಬ್ಬಿಟ್ಟಿದ್ದೆ, ಏಕೆಂದರೆ ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲ. ವರ್ಷವಿಡೀ ದುಡಿದದ್ದು ಒಂದು ದಿನ ಮಲಗಬೇಕು. ಮಾರನೇ ದಿನ ವಿಜಯದಶಮಿಯ ಬೆಳಿಗ್ಗೆ ಮತ್ತೆ ಆರತಿ ಎತ್ತಿ ಕೈಗೆ ತೆಗೆದುಕೊಳ್ಳುವುದು.

"ಅಪ್ಪನ ಪ್ಲಾಂಟಲ್ಲಿ ಇವತ್ತು ಇಡೀ ಕಾಲೋನಿಗೆ ಕಡ್ಲೆಪುರಿ ಹಂಚ್ತಾರೆ ಆಂಟಿ" ಎಂದಳು. "ಇಲ್ಲಿ ನಮ್ಮ ವರ್ಕ್‌ಶಾಪಲ್ಲಿ ಹೋದ ತಿಂಗಳು ವಿಶ್ವಕರ್ಮ ಪೂಜೆ ಮಾಡಿದ್ರು. ನನ್ನ ಜಾಲರಿಗೆ ಯಾರೂ ಒಂದು ಹೂವೂ ಇಡಲಿಲ್ಲ."

ಅಷ್ಟು ಹೇಳಿದರೆ ಸಾಕಲ್ಲ ನನಗೆ. ಮಧ್ಯಾಹ್ನ ಊಟವಾದ ಮೇಲೆ ಹೂವು, ಅರಿಶಿನ ಕುಂಕುಮ, ಕಡ್ಲೆಪುರಿ, ಬಾಳೆಹಣ್ಣು, ಒಂದು ಸಣ್ಣ ಬೂದುಗುಂಬಳಕಾಯಿ ಎಲ್ಲ ಚೀಲಕ್ಕೆ ತುಂಬಿಕೊಂಡು ಆಟೋದಲ್ಲಿ ಅವಳ ಲ್ಯಾಬಿಗೆ ಹೋದೆವು. ಪ್ರೊಫೆಸರು ದುರ್ಗಾಪೂಜೆಯ ಪೆಂಡಾಲಿನಲ್ಲಿದ್ದರು, ಲ್ಯಾಬಿನಲ್ಲಿ ಯಾರೂ ಇರಲಿಲ್ಲ.

ಮೇಜಿನ ಮೇಲೆ ಒಂದು ಗಾಜಿನ ಪಾತ್ರೆ, ಅದರೊಳಗೆ ಆ ಕಪ್ಪು ಜಾಲರಿ, ಅದರ ಮೈಯಿಂದ ಹೊರಟು ಎಡೆಬಿಡದೆ ಮೇಲೇರುವ ಗುಳ್ಳೆಗಳು, ಸಾಸಿವೆಗಿಂತ ಸಣ್ಣವು. ನೋಡಲು ಎಷ್ಟು ಚೆಂದವಿತ್ತೆಂದರೆ ಸ್ವಲ್ಪ ಹೊತ್ತು ನಾನು ಚೀಲ ಕೆಳಗಿಡುವುದನ್ನೇ ಮರೆತೆ. "ಪಾತ್ರೆಗೆ ಕುಂಕುಮ ಬೇಡ ಆಂಟಿ, ಒಂದು ಕಾಳು ಒಳಗೆ ಬಿದ್ರೂ ಕೆಡುತ್ತೆ" ಎಂದಳು. ಕರೆಂಟ್ ಕೊಡುವ ಪೆಟ್ಟಿಗೆಗೆ ಕುಂಕುಮ ಇಟ್ಟು ಹೂವು ಏರಿಸಿದೆ. ಆರತಿ ಎತ್ತಲು ಬೆಂಕಿ ಹಚ್ಚುವ ಹಾಗಿಲ್ಲ, ಅಲ್ಲಿರುವುದು ಹೈಡ್ರೋಜನ್. ಕೈಮುಗಿದೆ. ಅವಳೂ ತನ್ನ ರೀತಿಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ನಾನು ಹೇಳಿದೆ.

"ಈಗ ಇದನ್ನ ಆರಿಸಬೇಕಲ್ಲಮ್ಮ. ಪೂಜೆ ಆದ ಮೇಲೆ ನಾಳೆ ಬೆಳಿಗ್ಗೆವರೆಗೆ ದುಡಿಸೋ ಹಾಗಿಲ್ಲ."

"ಅಪ್ಪನ ಪ್ಲಾಂಟಲ್ಲಿ ಟರ್ಬೈನ್ ತಿರುಗ್ತಾ ಇರೋವಾಗ್ಲೇ ಹಾರ ಹಾಕ್ತಾರೆ ಆಂಟಿ. ಅದು ನಿಂತರೆ ಅರ್ಧ ಕರ್ನಾಟಕಕ್ಕೆ ಕರೆಂಟ್ ಹೋಗುತ್ತೆ."

"ಇದು ನಿಂತರೆ ಯಾರಿಗೆ ಹೋಗುತ್ತೆ?"

"ಯಾರಿಗೂ ಹೋಗಲ್ಲ."

"ಮತ್ತೆ?"

ಅವಳು ಜಾಲರಿಯನ್ನೇ ನೋಡುತ್ತಾ ನಿಂತಳು. ಆಮೇಲೆ, "ಪಾಪ, ಮೇ ತಿಂಗಳಿಂದ ಒಂದೇ ಸಮನೆ ದುಡೀತಿದೆ" ಎಂದು ಪೆಟ್ಟಿಗೆಯ ಗುಂಡಿ ತಿರುಗಿಸಿದಳು. ಗುಳ್ಳೆಗಳು ತೆಳುವಾಗಿ, ಒಂದೊಂದೇ ಆಗಿ, ನಿಂತವು. ಹೊರಗೆ ಗೇಟಿನ ಹತ್ತಿರ ಕುಂಬಳಕಾಯಿ ಒಡೆದು, ಕಾವಲುಗಾರನಿಗೆ ಕಡ್ಲೆಪುರಿ ಕೊಟ್ಟು ಮನೆಗೆ ಬಂದೆವು.

ಮಾರನೇ ದಿನ ಹನ್ನೊಂದರ ಹೊತ್ತಿಗೆ ಫೋನು. "ಆಂಟಿ, ಅದು ಏಳ್ತಿಲ್ಲ."

ನಾನು ಹೋಳಿಗೆಯ ಹೂರಣ ಅಷ್ಟಕ್ಕೇ ಬಿಟ್ಟು ಹೊರಟೆ. ಪಾತ್ರೆಯ ತಳದಲ್ಲಿ ಕಾಡಿಗೆ ಉದುರಿದ ಹಾಗೆ ಕಪ್ಪು ಪುಡಿ ಕೂತಿತ್ತು. ಜಾಲರಿಯ ಮೈ ಅಲ್ಲಲ್ಲಿ ಬೋಳಾಗಿತ್ತು. ಮೊದಲಿನಷ್ಟೇ ಗುಳ್ಳೆ ಬರಬೇಕಾದರೆ ಈಗ ಎಷ್ಟೋ ಹೆಚ್ಚು ವೋಲ್ಟು ಬೇಕಾಗಿತ್ತು. ಅವಳು ಮೆಲ್ಲಗೆ ವಿವರಿಸಿದಳು: ಕರೆಂಟ್ ನಿಂತ ಮೇಲೆ ಎರಡು ಕಡೆ ಉಳಿದ ಅನಿಲಗಳು ಸೇರಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತವಂತೆ. ಆ ಹಿಮ್ಮುಖದ ಹೊಡೆತಕ್ಕೆ ಮಾಲಿಬ್ಡಿನಂ ಕರಗಿಹೋಗಿ ಉಳಿದ ಲೇಪ ಸಡಿಲವಾಗಿ ಉದುರಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು.

ಮನೆಗೆ ಬಂದು ಹೇಳಿದಾಗ ಯಜಮಾನರು ಪೇಪರು ಮಡಚಿಟ್ಟರು. ಮಗಳು ಸುಮ್ಮನಿರಲಿಲ್ಲ. "ಮಮ್ಮಿ, ನೀನು ದೀದಿದು ಪಿಎಚ್‌ಡಿನೇ ಆಫ್ ಕರ್ ದಿಯಾ" ಎಂದಳು.

ಪ್ರೊಫೆಸರು ಹಬ್ಬ ಮುಗಿಸಿ ಬಂದ ದಿನ ಕೊಬ್ಬರಿ ಮಿಠಾಯಿ ಡಬ್ಬಿ ಹಿಡಿದು ನಾನೂ ಅವಳ ಜೊತೆ ಹೋದೆ. ಅವಳು ಬೇಡ ಎಂದಳು. ಬೈಗುಳ ತಿನ್ನುವುದಿದ್ದರೆ ಇಬ್ಬರೂ ತಿನ್ನೋಣ ಎಂದೆ. ಅವರು ದಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹಿಂದಿಯಲ್ಲಿ, "ಆಫ್ ಮಾಡಿಸಿದ ಆಂಟಿ ನೀವೇನಾ?" ಎಂದು ಕೇಳಿದರು. ಹೌದೆಂದೆ. ಯಾಕೆ ಎಂದರು. ನನಗೆ ಬಂದ ಹಿಂದಿಯಲ್ಲಿ ಹೇಳಿದೆ: ನಮ್ಮಲ್ಲಿ ಆಯುಧಕ್ಕೆ ವರ್ಷಕ್ಕೊಂದು ದಿನ ವಿಶ್ರಾಂತಿ, ಮಾರನೇ ದಿನ ಎಬ್ಬಿಸುವುದು.

ಅವರು ಕಪ್ಪು ಪುಡಿಯಿದ್ದ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಗಂಟಿಕ್ಕಿಕೊಂಡಿತ್ತು. ಬೈಯುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡು ನಿಂತೆ. ಅವರು ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. "ಸೂರ್ಯನೂ ದಿನಾ ಸಂಜೆ ನಿಮ್ಮ ಈ ಪೂಜೆ ಮಾಡ್ತಾನೆ. ನಮಗೆ ಯಾಕೆ ಹೊಳೀಲಿಲ್ಲ?" ಎಂದರು. ಕಲ್ಲಿದ್ದಲಿನ ಕರೆಂಟಿನಿಂದ ಹೈಡ್ರೋಜನ್ ಮಾಡಿದರೆ ಹೊಗೆ ಹೇಗೂ ಆಗಿಯೇ ಇರುತ್ತದೆ. ಇದು ಸ್ವಚ್ಛ ಅನ್ನಿಸಿಕೊಳ್ಳಬೇಕಾದರೆ ಬಿಸಿಲಿನ ಕರೆಂಟಿನಲ್ಲಿ ಓಡಬೇಕು. ಬಿಸಿಲು ಸಂಜೆ ಹೋಗಿ ಬೆಳಿಗ್ಗೆ ಬರುತ್ತದೆ. ಇಷ್ಟು ಗೊತ್ತಿದ್ದೂ ಲ್ಯಾಬಿನಲ್ಲಿ ಒಬ್ಬರೂ ಜಾಲರಿಯನ್ನು ಒಮ್ಮೆಯೂ ನಿಲ್ಲಿಸಿ ನೋಡಿರಲಿಲ್ಲ. ನಿಲ್ಲದೆ ಎಷ್ಟು ಕಾಲ ಓಡಿತು ಅನ್ನುವುದೇ ಅವರ ಹೆಮ್ಮೆ. ಆ ಹೆಮ್ಮೆಗೆ ಜನರೇಟರ್ ಕಾವಲು.

ನಗು ನಿಲ್ಲಿಸಿ ಅವಳಿಗೆ ಇಂಗ್ಲಿಷಿನಲ್ಲಿ ಏನೋ ಗಂಭೀರವಾಗಿ ಹೇಳಿದರು. ಆಟೋದಲ್ಲಿ ಬರುವಾಗ ಅವಳು ನನಗೆ ತಿಳಿಸಿದಳು. ಎರಡು ದಾರಿ ಇದೆಯಂತೆ. ಇದ್ದ ಅಂಕಿಗಳನ್ನೇ ಇಟ್ಟು ಥೀಸಿಸ್ ಬರೆಯಬಹುದು. ನಿಂತರೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಪಾಸಾಗುತ್ತದೆ. ಇಲ್ಲವೇ ಮಲಗಿ ಏಳಬಲ್ಲ ಜಾಲರಿಯನ್ನು ಮೊದಲಿಂದ ಮಾಡಬೇಕು. ಸ್ಕಾಲರ್‌ಶಿಪ್ಪಿನ ಅವಧಿಯನ್ನು ಒಂದೇ ಸಲ ವಿಸ್ತರಿಸುತ್ತಾರೆ. ಅಷ್ಟರಲ್ಲಿ ಆಗದಿದ್ದರೆ ಡಿಗ್ರಿ ಇಲ್ಲದೆ ರಾಯಚೂರಿನ ರೈಲು ಹತ್ತುವುದು.

"ನೀನು ಏನಂದೆ?"

"ಬರೆದರೆ ಪಾಸಾಗ್ತೀನಿ ಆಂಟಿ. ಆದ್ರೆ ಯಾರಾದ್ರೂ ಪುಣ್ಯಾತ್ಮರು ಅದನ್ನ ನಂಬಿ ಒಂದು ಊರಲ್ಲಿ ಸೋಲಾರ್ ಹಾಕಿ ಕೂರಿಸಿದ್ರೆ, ಮೊದಲ ಬೆಳಿಗ್ಗೆನೇ ಸತ್ತಿರುತ್ತೆ. ಹೊಸದು ಮಾಡ್ತೀನಿ ಅಂದೆ."

ಅವತ್ತು ಸಂಜೆಯಿಂದಲೇ ಜಾಲರಿ ನನ್ನ ಪ್ರಾರ್ಥನೆಗೆ ಸೇರಿದ್ದು.

ಆಮೇಲಿನ ವರ್ಷವನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ನಮ್ಮ ಮನೆಯ ಒಂದೇ ಒಂದು ಪ್ರಶ್ನೆ: "ಎದ್ದಿತಾ?" ಅವಳು ಶನಿವಾರ ಚಪ್ಪಲಿ ಬಿಡುವ ಮೊದಲೇ ಯಾರಾದರೊಬ್ಬರು ಕೇಳುತ್ತಿದ್ದೆವು. ಅವಳು ಪ್ರತಿ ಸಂಜೆ ಜಾಲರಿಯನ್ನು ಆರಿಸಿ, ಬೆಳಿಗ್ಗೆ ಹಚ್ಚಿ ನೋಡುತ್ತಿದ್ದಳು. ಕೆಲವು ಮೊದಲ ದಿನವೇ ಉದುರಿದವು. ಕೆಲವು ವಾರ ತಾಳಿದವು. ಒಂದು ಜಾಲರಿಯಂತೂ ಬಹಳ ದಿನ ಚೆನ್ನಾಗಿ ಎದ್ದು ಆಸೆ ಹುಟ್ಟಿಸಿ, ಹೋಳಿ ರಜೆಯ ಮಾರನೇ ದಿನ ಮೈಮೇಲಿನದನ್ನೆಲ್ಲ ಕಳಚಿಕೊಂಡಿತು. ಆ ಶನಿವಾರ ಯಾರೂ ಏನೂ ಕೇಳಲಿಲ್ಲ, ಅವಳ ಮುಖವೇ ಹೇಳುತ್ತಿತ್ತು. ನಾನು ಬಿಸಿಬೇಳೆಬಾತಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. ನನಗೆ ತಿಳಿದ ಉಪಾಯ ಅದೊಂದೇ.

ಇನ್ನೊಂದು ಉಪಾಯವನ್ನೂ ಹೇಳಿದ್ದೆ ಅನ್ನಿ. ಕಬ್ಬಿಣದ ಕಾವಲಿಗೆ ಮಾಡುವ ಹಾಗೆ ಹರಳೆಣ್ಣೆ ಸವರಿ, ಈರುಳ್ಳಿ ಉಜ್ಜಿ, ಕಾಯಿಸಿ ನೋಡು, ಕಚ್ಚಿಕೊಳ್ಳುತ್ತೆ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಣ್ಣೆ ಸವರಿದ್ರೆ ನೀರೇ ಹತ್ತಿರ ಬರಲ್ಲ ಆಂಟಿ, ಗುಳ್ಳೆ ಎಲ್ಲಿಂದ ಬರಬೇಕು?" ಆಮೇಲೆ ಎಷ್ಟೋ ಶನಿವಾರ, ಯಾವ ತೊಂದರೆ ಬಂದರೂ, "ಈರುಳ್ಳಿ ಉಜ್ಜಿದ್ಯಾ?" ಎಂದು ಯಜಮಾನರು ಕೇಳುವುದು ರೂಢಿಯಾಯಿತು. ಅವಳು ನಗುತ್ತಿದ್ದಳಲ್ಲ, ಅಷ್ಟು ಸಾಕಾಗಿತ್ತು ನನಗೆ.

ಬೇಸಿಗೆಯಲ್ಲಿ ಅವಳೇ ಬೇರೆ ದಾರಿ ಹಿಡಿದಳು. ಮೇಲಿಂದ ಲೇಪ ಹಚ್ಚಿ ಅದು ಕಚ್ಚಿಕೊಂಡಿರಲಿ ಎಂದು ಕಾಯುವುದನ್ನು ಬಿಟ್ಟಳು. ನಿಕ್ಕಲ್ ಪುಡಿ, ಅಲ್ಯೂಮಿನಿಯಂ ಪುಡಿ, ಒಂದು ಚಿಟಿಕೆ ಮಾಲಿಬ್ಡಿನಂ ಬೆರೆಸಿ ಜಾಲರಿಗೆ ಬಳಿದು ಕುಲುಮೆಯಲ್ಲಿ ಕಾಯಿಸಿದಳು. ಕಾವಿಗೆ ಎಲ್ಲ ಒಂದಾಗಿ ಜಾಲರಿಯ ಮೈಗೇ ಬೆಸೆದುಕೊಂಡಿತು. ಆಮೇಲೆ ಕ್ಷಾರದಲ್ಲಿ ಮುಳುಗಿಸಿದಳು. ಕ್ಷಾರ ಅಲ್ಯೂಮಿನಿಯಂ ಮಾತ್ರ ತಿಂದುಹಾಕಿತು. ಅದು ಇದ್ದ ಜಾಗವೆಲ್ಲ ಕಣ್ಣಿಗೆ ಕಾಣದ ತೂತು.

"ಸೆಟ್ ದೋಸೆ ಹಾಗೆ" ಎಂದೆ.

"ಹೂಂ, ಹಾಗೇ. ತೂತು ಜಾಸ್ತಿ ಇದ್ದಷ್ಟೂ ನೀರಿಗೆ ತಾಗೋ ಮೈ ಜಾಸ್ತಿ. ಮಾಲಿಬ್ಡಿನಂ ಒಳಗೆ ಸಿಕ್ಕಿಕೊಂಡಿರುತ್ತೆ, ಸುಲಭಕ್ಕೆ ತಪ್ಪಿಸ್ಕೊಂಡು ಹೋಗಕ್ಕಾಗಲ್ಲ."

ಅದು ಎದ್ದಿತು. ಮಾರನೇ ದಿನವೂ ಎದ್ದಿತು. ಆದರೆ ಹಚ್ಚಿದ ಕೂಡಲೇ ಅಲ್ಲ. ಸ್ವಲ್ಪ ಹೊತ್ತು ಮಂಕಾಗಿದ್ದು, ಹೆಚ್ಚು ವೋಲ್ಟು ಬೇಡಿ, ಆಮೇಲೆ ನಿಧಾನಕ್ಕೆ ತನ್ನ ಅಂಕಿಗೆ ಇಳಿಯುತ್ತಿತ್ತು. "ನಿನ್ನ ಹಾಗೇ" ಎಂದು ಮಗಳಿಗೆ ಹೇಳಿದೆ. "ಎದ್ದ ಮೇಲೂ ಕಾಲು ಗಂಟೆ ಮಂಚದ ಮೇಲೆ ಕೂತಿರ್ತೀಯಲ್ಲ." ಮಗಳು, "ಲೇಕಿನ್ ಆಮೇಲೆ ಕೆಲಸ ಮಾಡ್ತೀನಲ್ಲಾ" ಎಂದಳು.

ಹುಡುಗಿಗೆ ಮಾತ್ರ ಪೂರ್ತಿ ಸಂತೋಷವಿರಲಿಲ್ಲ. ಹೊಸ ಜಾಲರಿ ಎಷ್ಟೇ ಮಾಡಿದರೂ ಹಳೆಯದರಷ್ಟು ಚುರುಕಿಲ್ಲ. ಪ್ಲಾಟಿನಂ ಪಕ್ಕ ಇಟ್ಟು ತೋರಿಸಿ ಬೀಗುವಂಥದ್ದಲ್ಲ. ಅದನ್ನು ಅವಳು ಊಟದ ತಟ್ಟೆಯ ಮುಂದೆ ಹೇಳಿದಾಗ ಯಜಮಾನರು, "ಸರ್ಕಾರಿ ನೌಕರನ ಥರ ಅನ್ನು. ಹೊಳೆಯಲ್ಲ, ಆದ್ರೆ ದಿನಾ ಬರುತ್ತೆ" ಎಂದರು.

"ನಿಮ್ಮ ಆಫೀಸಲ್ಲಿ ಎಲ್ಲರೂ ದಿನಾ ಬರ್ತಾರೇನ್ರೀ?" ಎಂದೆ.

"ಇದು ಕೆಲವರನ್ನ ಮೀರಿಸಿದೆ ಅಂತಾನೇ ಹೇಳಿದ್ದು ನಾನು."

ಅವಳು ನಗುತ್ತಾ ಮಜ್ಜಿಗೆ ಬಡಿಸಿಕೊಂಡಳು. ಮುಂದಿನ ಆಯುಧಪೂಜೆಗೆ ನಾನು ಹೇಳುವ ಮೊದಲೇ ಎಲ್ಲ ಜಾಲರಿಗಳನ್ನೂ ಆರಿಸಿ ಬಂದಿದ್ದಳು.

ದೀಪಾವಳಿಯಾದ ಮೇಲೆ ಅಸಲು ಪರೀಕ್ಷೆ ಶುರುವಾಯಿತು. ಗುರಗಾಂವ್ ಆಚೆ, ಗುಡ್ಡದ ಪಕ್ಕ, ಒಂದು ಸೋಲಾರ್ ಕೇಂದ್ರವಿತ್ತು. ಅಲ್ಲಿಯ ಹೈಡ್ರೋಜನ್ ತೆಗೆಯುವ ಯಂತ್ರದೊಳಗೆ ಅವಳ ಜಾಲರಿಯನ್ನು ಕೂರಿಸಿದರು. ಬ್ಯಾಟರಿ ಇಲ್ಲ, ಜನರೇಟರ್ ಇಲ್ಲ. ಬಿಸಿಲು ಬಂದರೆ ಕೆಲಸ, ಹೋದರೆ ನಿದ್ದೆ. ಜನವರಿ ಕೊನೆಯವರೆಗೆ ನಡೆದು, ಕೊನೆಯ ದಿನವೂ ವೋಲ್ಟು ಮೊದಲ ದಿನದ ಅಂಕಿಗೆ ಇಳಿದರೆ ಥೀಸಿಸ್. ಇಳಿಯದಿದ್ದರೆ ಸ್ಕಾಲರ್‌ಶಿಪ್ಪಿನ ಅವಧಿ ಅಲ್ಲಿಗೆ ಮುಗಿಯಿತು.

ನವೆಂಬರ್, ಡಿಸೆಂಬರ್ ದಿನಾ ಬೆಳಿಗ್ಗೆ ಎದ್ದಿತು. ನಾನು ದಿನಾ ಸಂಜೆ ಹೇಳಿಕೊಂಡೆ: ಇವತ್ತೂ ಎದ್ದಿತು, ನಿನ್ನ ದಯೆ. ಜನವರಿಯಲ್ಲಿ ಮಂಜು ಬಿತ್ತು. ದೆಹಲಿಯ ಮಂಜು ಗೊತ್ತಿದ್ದವರಿಗೆ ಗೊತ್ತು. ಮಧ್ಯಾಹ್ನವೂ ಬೀದಿದೀಪ ಉರಿಯುತ್ತಿರುತ್ತದೆ, ಎದುರುಮನೆ ಇದೆಯೋ ಇಲ್ಲವೋ ಎಂದು ಸದ್ದಿನಿಂದ ತಿಳಿಯಬೇಕು. ಅಂಥ ಮಂಜು ಆ ತಿಂಗಳ ಕೊನೆಯಲ್ಲಿ ಬಂದು ಕೂತು ಏಳಲೇ ಇಲ್ಲ. ದಿನದ ಮೇಲೆ ದಿನ ಸೂರ್ಯನ ಮುಖವಿಲ್ಲ. ಸೋಲಾರ್ ಫಲಕಗಳ ಮೇಲೆ ಇಬ್ಬನಿ ಸುರಿಯಿತು, ಜಾಲರಿ ಮಲಗಿಯೇ ಇತ್ತು. ಅಷ್ಟು ದಿನ ಅದು ಹಿಂದೆಂದೂ ಮಲಗಿರಲಿಲ್ಲ.

ಕೊನೆಯ ದಿನ ಶನಿವಾರವೇ ಬಿತ್ತು. "ಒಬ್ಬಳೇ ಹೋಗೋಕೆ ಆಗ್ತಿಲ್ಲ ಆಂಟಿ" ಎಂದಳು ಫೋನಿನಲ್ಲಿ. ಯಜಮಾನರಿಗೂ ರಜೆ. ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ, ಮೊಸರನ್ನ ಬೇರೆ ಕಟ್ಟಿಕೊಂಡು, ಮಾರುತಿಯಲ್ಲಿ ಮಂಜಿನೊಳಗೆ ತೆವಳುತ್ತಾ ಹೋದೆವು. ಮಗಳು ಹಿಂದಿನ ಸೀಟಿನಲ್ಲಿ ದೀದಿಯ ಕೈಯನ್ನು ತನ್ನ ಸ್ವೆಟರಿನ ಜೇಬಿನೊಳಗೆ ಇಟ್ಟುಕೊಂಡಿದ್ದಳು. ಪ್ರೊಫೆಸರು ಆಗಲೇ ಬಂದು ಮಂಕಿ ಕ್ಯಾಪ್ ಹಾಕಿಕೊಂಡು ನಿಂತಿದ್ದರು. ಕೇಂದ್ರದ ಆಫೀಸರು ಚಹಾ ಕೊಟ್ಟರು. ಕಾದೆವು. ಹತ್ತಾಯಿತು, ಹನ್ನೊಂದಾಯಿತು. ನಾನು ಸೆರಗಿನೊಳಗೆ ಬೆರಳಿನ ಗೆಣ್ಣುಗಳ ಮೇಲೆ ಆದಿತ್ಯನ ನಾಮ ಜಪಿಸುತ್ತಿದ್ದೆ. ಅವತ್ತು ಕೇಳಬೇಕಾದ ದೇವರು ಅವನೇ ತಾನೇ.

ಮಧ್ಯಾಹ್ನದ ಹೊತ್ತಿಗೆ ಮಂಜು ಸ್ವಲ್ಪ ತೆಳುವಾಯಿತು. ಮೊದಲು ಗುಡ್ಡದ ಅಂಚು ಕಂಡಿತು, ಆಮೇಲೆ ಕೆಳಗಿನ ಸಾಸಿವೆ ಹೊಲದ ಹಳದಿ. ಆಮೇಲೆ ತೊಳೆದ ಬೆಳ್ಳಿ ತಟ್ಟೆಯಂಥ ಸೂರ್ಯ, ಬರಿಗಣ್ಣಿನಿಂದ ನೋಡಬಹುದಾದಷ್ಟು ಸಾಧು. ಫಲಕಗಳಿಂದ ಹನಿ ತೊಟ್ಟಿಕ್ಕತೊಡಗಿತು. ಯಂತ್ರದ ಗಾಜಿನ ಕಿಂಡಿಯಲ್ಲಿ ಒಂದು ಗುಳ್ಳೆ ಎದ್ದಿತು. ಇನ್ನೊಂದು. ಆಮೇಲೆ ಒಂದು ಸಣ್ಣ ಸಾಲು.

ಆದರೆ ವೋಲ್ಟು ತೋರಿಸುವ ಮೀಟರಿನ ಅಂಕಿ ಮೇಲೆಯೇ ನಿಂತಿತ್ತು. ಬಿಸಿಲು ಬಲಿತಂತೆ ಗುಳ್ಳೆ ಹೆಚ್ಚಿತು, ಅಂಕಿ ಇಳಿಯಲಿಲ್ಲ. ಮಾಮೂಲಿಗಿಂತ ಬಹಳ ಹೊತ್ತಾಯಿತು. ಆಫೀಸರು ಗಡಿಯಾರ ನೋಡಿದರು. ಹುಡುಗಿ ಮೀಟರಿಗೆ ಬೆನ್ನು ಮಾಡಿ ಸಾಸಿವೆ ಹೊಲ ನೋಡುತ್ತಾ ನಿಂತಳು. "ದೀದಿ, ಇದು ಇನ್ನೂ ಮಂಚದ ಮೇಲೆ ಕೂತಿದೆ ಅಷ್ಟೇ" ಎಂದಳು ಮಗಳು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಮೊದಲು ನೋಡಿದ್ದು ಯಜಮಾನರು. "ಕೊನೇ ಅಂಕಿ ಬದಲಾಯ್ತು" ಎಂದು ಮೆಲ್ಲಗೆ ಹೇಳಿದರು. ಆಫೀಸರು ಬಗ್ಗಿದರು. ಬದಲಾಗಿತ್ತು. ಮತ್ತೆ ಬದಲಾಯಿತು, ಕೆಳಗೆ. ಅಕ್ಕಿ ನೆನೆಯುವಷ್ಟು ನಿಧಾನವಾಗಿ, ಆದರೆ ಒಂದು ಸಲವೂ ಹಿಂದಕ್ಕೆ ಹೋಗದೆ, ಅದು ಇಳಿಯುತ್ತಾ ಬಂತು. ನಾವೆಲ್ಲ ಮೀಟರಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತೆವು. ಅವಳೊಬ್ಬಳೇ ತಿರುಗಲಿಲ್ಲ. "ಹೇಳ್ತಾ ಇರಿ ಅಂಕಲ್, ನಾನು ನೋಡಲ್ಲ" ಎಂದಳು. ಯಜಮಾನರು ಕ್ರಿಕೆಟ್ ಕಾಮೆಂಟರಿಯ ಹಾಗೆ ಒಂದೊಂದೇ ಅಂಕಿ ಹೇಳುತ್ತಾ ಹೋದರು. ಕೊನೆಗೆ ಒಂದು ಅಂಕಿ ಹೇಳಿ ಸುಮ್ಮನಾದರು. "ಮುಂದೆ?" ಎಂದಳು. "ಮುಂದೆ ಇಲ್ಲಮ್ಮ, ಅಲ್ಲೇ ನಿಂತಿದೆ" ಎಂದರು. ಅದು ಪರೀಕ್ಷೆಯ ಮೊದಲ ದಿನದ ಅಂಕಿ.

ಪ್ರೊಫೆಸರು ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, "ಹೋಗಿ ಬರೆಯಲು ಕೂತುಕೋ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಚಿತ್ರಾನ್ನದ ಡಬ್ಬಿ ತೋರಿಸಿ, ಅದರಲ್ಲಿ ನನಗೂ ಪಾಲುಂಟೋ ಎಂದು ಹಿಂದಿಯಲ್ಲಿ ಕೇಳಿದರು. ಬಿಸಿಲಿನಲ್ಲಿ, ಫಲಕಗಳ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಕೂತು ತಿಂದೆವು. ಹುಡುಗಿ ತನ್ನ ಅಪ್ಪನಿಗೆ ಫೋನು ಹಚ್ಚಿ, ಏನೋ ಹೇಳಹೋಗಿ, ಹೇಳಲಾಗದೆ ಫೋನನ್ನು ಯಜಮಾನರ ಕೈಗೆ ಕೊಟ್ಟಳು. ಟರ್ಬೈನ್ ನೋಡಿಕೊಳ್ಳುವ ಅಪ್ಪನಿಗೂ ಸೆಕ್ಷನ್ ಆಫೀಸರಿಗೂ ಅದೇ ಮೊದಲ ಪರಿಚಯ. "ನಿಮ್ಮ ಮಗಳು ಗೆದ್ದಳು ಸರ್, ಈಗ ಮೊಸರನ್ನ ತಿಂತಿದಾಳೆ" ಎಂದರು ಇವರು.

ವಾಪಸು ಬರುವಾಗ ಬಿಸಿಲು ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಹುಡುಗಿ ನನ್ನ ಭುಜಕ್ಕೆ ಒರಗಿದವಳು ಹಾಗೇ ನಿದ್ದೆ ಹೋದಳು, ಬಾಯಿ ಸ್ವಲ್ಪ ತೆರೆದು, ಚಿಕ್ಕ ಮಕ್ಕಳ ಹಾಗೆ. ಮೆಹ್ರೌಲಿ ದಾಟುವವರೆಗೂ ಎದುರಿಗೆ ಟ್ರಾಕ್ಟರು, ಎಮ್ಮೆ, ಅಡ್ಡ ನುಗ್ಗುವ ಆಟೋ ಎಲ್ಲ ಬಂದವು. ಯಜಮಾನರು ಒಂದು ಸಲವೂ ಹಾರ್ನ್ ಒತ್ತಲಿಲ್ಲ. ಹಿಂದಿನ ಬಸ್ಸಿನವನು ಬೈದುಕೊಂಡು ಮುಂದೆ ಹೋದ. ಇವರು ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ, ಗೇರು ಕೂಡ ಸದ್ದಾಗದ ಹಾಗೆ ಬದಲಿಸಿದರು.